ತುಟಿ ಬಿಲ್ಲೆ ನೋಡಿ ನಗೋರಿಗೆ

ನಮ್ಮ ಗಂಗಾವತಿ ಕಡೆ ವಾಟ್ಸಾಪ್ ಗ್ರೂಪ್‌ನ್ಯಾಗೆಲ್ಲ ಈಗ ಒಂದೇ ರೀಲ್ ಓಡಾಡಾಕತ್ತೈತಿ. ಇಥಿಯೋಪಿಯಾದ ಮುರ್ಸಿ ಹೆಂಗಸ್ರು ಕೆಳತುಟಿ ಸೀಳಿ ಅದರಾಗ ಮಣ್ಣಿನ ಬಿಲ್ಲೆ ಇಟ್ಕೊಂಡಿರ್ತಾರಲ್ಲ, ಅದು. ಕೆಳಗ ನಮ್ಮೋರ ಕಾಮೆಂಟ್ ಓದ್ಬೇಕ್ರಿ, ಕಾಡುಜನ ಅಂತ, ದೆವ್ವ ಅಂತ, ನಗೋ ಎಮೋಜಿ ಸಾಲುಗಟ್ಲೆ. ಹಂಗ ಕಾಮೆಂಟ್ ಹಾಕಿದೋರ ಪೈಕಿ ಅರ್ಧ ಮಂದಿ ಮನ್ಯಾಗ ಹಣಿ ತುಂಬ ಹಚ್ಚಿ ಇರೋ ಮುದುಕೇರು ಅದಾರ, ನನಗ ಗೊತ್ತೈತಿ, ನಾನು ಅವರ ಮನ್ಯಾಗ ಉಂಡು ಬಂದೋನು.

ನಮ್ಮ ಅಜ್ಜಿನೇ ತಗೋರಿ. ಹಣಿ ಮ್ಯಾಲೆ ಚುಕ್ಕಿ, ಗದ್ದದ ಮ್ಯಾಲೆ ಮೂರು ಬಟ್ಟು, ಬಲಗೈ ಮ್ಯಾಲೆ ಚೇಳು, ಎಡಗೈ ಮ್ಯಾಲೆ ತುಳಸಿಕಟ್ಟಿ. ಹಚ್ಚಿ ಹಾಕಾಕಿ ಊರಿಗೆ ಬಂದ್ಲಂದ್ರ ದೀಪದ ಕಾಡಿಗಿಗೆ ಎಲಿ ರಸ ಕಲಸಿ, ಸೂಜಿ ಕಟ್ಟು ಹಿಡ್ಕೊಂಡು ಚುಚ್ಚಾಕಿ. ಹುಡುಗಿ ಚೀರಬಾರದಂತ ಒಂದ್ ಕಡಿ ಆಕಿ ಹಾಡು ಹೇಳಾಕಿ, ಇನ್ನೊಂದ್ ಕಡಿ ಇಬ್ರು ಹೆಂಗಸ್ರು ಕೈಕಾಲು ಅಮುಕಿ ಹಿಡಿಯೋರು. ಮೂರು ದಿನ ಮುಖ ಬಾತು ಕುಂತಿದ್ಲಂತ. ಆದ್ರೂ ಕೇಳಿದ್ರ ಅಜ್ಜಿ ಹೇಳ್ತಿದ್ದದ್ದು ಒಂದೇ ಮಾತು, "ಸತ್ತಾಗ ಬಂಗಾರ ಬಿಚ್ಕೊಂತೀರಿ, ಹಚ್ಚಿ ಏನ್ ಬಿಚ್ಕೊಂತೀರೋ?" ಇನ್ನ ಬೆಂಡೋಲಿ ಭಾರಕ್ಕ ಆಕಿ ಕಿವಿ ತೂತು ಬೆರಳು ಹೋಗೋ ಅಷ್ಟು ಜೋತುಬಿದ್ದಿತ್ತು, ಒಂದು ಕಡಿ ಹರಿದೇ ಹೋಗಿತ್ತು. ಕಿವಿ ಜಗ್ಗಿದ್ರ ಸಂಪ್ರದಾಯ, ತುಟಿ ಜಗ್ಗಿದ್ರ ಹುಚ್ಚು ಅನ್ನೋದು ಯಾವ ಲೆಕ್ಕರೀ?

ನಮ್ಮ ಆನೆಗುಂದಿ ಆಚೆ ದಂಡಿ ಹಂಪಿ ಕಥಿನೂ ಬ್ಯಾರೆ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ್ ಮನುಷ್ಯ ಡೊಮಿಂಗೊ ಪಾಯಸ್ ಮಹಾನವಮಿ ಹಬ್ಬ ನೋಡಿ ಬರದಿಟ್ಟಾನ, ಅರಮನಿ ಹೆಂಗಸರ ಮೈಮ್ಯಾಲಿನ ಬಂಗಾರದ ಭಾರ ಎಷ್ಟಿತ್ತಂದ್ರ ಪಕ್ಕದಾಗ ಬ್ಯಾರೆ ಹೆಂಗಸ್ರು ಅವರ ಕೈ ಹಿಡಿದು ಆಸರ ಕೊಡಬೇಕಿತ್ತಂತ. ಅದನ್ನ ನಾವು ವೈಭವ ಅಂತೀವಿ.

ಹಂಗಂತ ಹಳೇದೆಲ್ಲ ಚಂದ, ಎಲ್ಲಾ ಸಂಸ್ಕೃತಿನೂ ಗ್ರೇಟ್ ಅಂತ ಚಪ್ಪಾಳಿ ಹೊಡಿಯೋನು ನಾನಲ್ಲ. ಚೀನಾದಾಗ ಸಣ್ಣ ಹುಡುಗ್ಯಾರ ಕಾಲ್ಬೆರಳು ಮಡಚಿ ಮುರಿದು ಕಟ್ತಿದ್ರು, ಸಣ್ಣ ಪಾದ ಚಂದ ಅಂತ. ಅದು ನಿಂತಿದ್ದು ಒಳ್ಳೇದೇ ಆತು. ಅರುಣಾಚಲದ ಅಪತಾನಿ ಹೆಂಗಸ್ರು ಮೂಗಿನ ಎರಡೂ ಕಡಿ ಅಗಲ ಬಿರಡಿ ಹಾಕೊಂತಿದ್ರು, ಮುಖಕ್ಕ ಹಚ್ಚಿ ಇರ್ತಿತ್ತು, 1970ರ ದಶಕದಾಗ ಅಲ್ಲಿ ಹುಡುಗ್ರೇ ಸೇರಿ ಸಾಕು ಮಾಡಿದ್ರು, ತೀರ್ಮಾನ ಅವರದ ಆಗಿತ್ತು. ನಾನು ಕೇಳೋದು ಇಷ್ಟೇ, ಹಾಕೊಂಡಾಕಿಗೆ ಬ್ಯಾಡ ಅನ್ನೋ ಹಕ್ಕು ಐತೋ ಇಲ್ಲೋ? ಮುರ್ಸಿ ಹುಡುಗ್ಯಾರು ಈಗೀಗ ಎಷ್ಟೋ ಮಂದಿ ತುಟಿ ಸೀಳಿಸ್ಕೊಳ್ಳಾಕ ಒಲ್ಲೆ ಅಂತಾರ. ನಮ್ಮ ಅಜ್ಜಿಗೆ ಆ ಅವಕಾಶ ಇರಲಿಲ್ಲ.

ಇದರಾಗ ಟೂರಿಸ್ಟ್‌ಗಳದ್ದು ಇನ್ನೊಂದು ಕಾಟ. ಕುತ್ತಿಗಿಗೆ ಹಿತ್ತಾಳಿ ಸುರುಳಿ ಹಾಕೊಳ್ಳೋ ಮ್ಯಾನ್ಮಾರ್‌ನ ಕಯಾನ್ ಹೆಂಗಸ್ರ ಕುತ್ತಿಗಿ ಉದ್ದ ಆಗೈತಿ ಅಂತ ಎಲ್ರೂ ಅನ್ಕೊಂಡಾರ, ಖರೇ ಅಂದ್ರ ಕುತ್ತಿಗಿ ಏನ್ ಬೆಳೆಯಂಗಿಲ್ಲ, ಹಿತ್ತಾಳಿ ಸುರುಳಿ ಭಾರಕ್ಕ ಹೆಗಲಿನ ಎಲುಬು ಕೆಳಗ ಜಾರತೈತಿ. ಮ್ಯಾನ್ಮಾರ್ ಜಗಳದಾಗ ಊರು ಬಿಟ್ಟು ಥೈಲ್ಯಾಂಡ್‌ಗೆ ಬಂದೋರನ್ನ ಅಲ್ಲಿ ಊರಾಗ ಕೂಡ್ಸಿ ಟಿಕೆಟ್ ಇಟ್ಟು ತೋರಿಸ್ತಾರ. ಹಿತ್ತಾಳಿಗಿಂತ ಆ ಟಿಕೆಟ್ ನೋಡಿ ನನಗ ಸಂಕಟ ಆಗತೈತಿ.

ಗಂಡಸ್ರು ಸಿಂಗಾರ ಮಾಡ್ಕೊಂಡ್ರ ನಗೋರಿಗೂ ಒಂದ್ ಮಾತು. ನೈಜರ್ ದೇಶದ ವೊಡಾಬೆ ಗಂಡಸ್ರು ಮುಖಕ್ಕ ಬಣ್ಣ ಬಳಕೊಂಡು, ಹಲ್ಲು ಕಣ್ಣು ಬೆಳ್ಳಗ ಕಾಣಲಿ ಅಂತ ಕಿಸಿದು ಕುಣೀತಾರ, ಚಂದ ಯಾರು ಅಂತ ಆರಿಸೋದು ಹೆಂಗಸ್ರು. ನಮ್ಮ ಮುತ್ತಜ್ಜಗೋಳ ಕಿವ್ಯಾಗ ಹತ್ತಕಡಕು ಇರಲಿಲ್ಲೇನು?

ಈಗ ಊರಿನ ಮಾತಿಗೆ ಬರ್ತೀನಿ. 2023ರ ಜುಲೈದಾಗ ಹಂಪ್ಯಾಗ ಜಿ20 ಸಭೆ ಆದಾಗ ಸಂಡೂರು ಲಂಬಾಣಿ ಕಸೂತಿ ಗಿನ್ನೆಸ್ ದಾಖಲೆ ಮಾಡ್ತು, 1755 ವಸ್ತು ಒಂದೇ ಕಡಿ ಪ್ರದರ್ಶನಕ್ಕಿಟ್ಟು. ಎಲ್ರೂ ಸ್ಟೇಟಸ್ ಹಾಕಿದ್ವಿ, ಹೆಮ್ಮೆ ಅಂತ. ಅದೇ ನಾವು ಬಸ್ಸಿನಾಗ ತಾಂಡಾದ ಮುದುಕಿ ಕನ್ನಡಿ ಬಟ್ಟಿ, ಕೆನ್ನಿ ಮ್ಯಾಲೆ ಜೋತಾಡೋ ಬೆಳ್ಳಿ ಗೊಂಚಲು, ಮೊಳಕೈ ಮ್ಯಾಲಿನ ತನಕ ಬಿಳಿ ಬಳಿ ಹಾಕೊಂಡು ಬಂದ್ಲಂದ್ರ ಸರಕೊಂಡು ಕುಂತ್ಕೊಂತೀವಿ. ಮದುವಿ ಪ್ರೀ-ವೆಡ್ಡಿಂಗ್ ಶೂಟ್‌ಗೆ ಮಾತ್ರ ಅದೇ ಡ್ರೆಸ್ ಬಾಡಿಗಿ ತರ್ತೀವಿ. ಆ ಮುದುಕಿ ಮೊಮ್ಮಗಳು ಕಾಲೇಜಿಗೆ ಜೀನ್ಸ್ ಹಾಕೊಂಡು ಬಂದ್ರ "ಸಂಸ್ಕೃತಿ ಬಿಟ್ಲು" ಅನ್ನೋರೂ ನಾವೇ.

ನ್ಯೂಜಿಲೆಂಡ್‌ನ್ಯಾಗ ಗದ್ದಕ್ಕ ಅಲ್ಲಿನ ಮೂಲನಿವಾಸಿ ಮಾವೋರಿ ಮಂದಿಯ ಹಚ್ಚಿ ಇದ್ದ ನನಯಾ ಮಹುತಾ 2020ರಾಗ ವಿದೇಶಾಂಗ ಮಂತ್ರಿ ಆದ್ರು. ನಮ್ಮ ಕಡೆ ಗದ್ದದ ಮ್ಯಾಲೆ ಒಂದ್ ಬಟ್ಟು ಇದ್ರ ಹೆಣ್ಣು ನೋಡಾಕ ಬರೋ ಮುಂಚೆ ಲೇಸರ್ ಕ್ಲಿನಿಕ್ ಹುಡುಕ್ತಾರ. ಅದೇ ಮನಿ ತಮ್ಮ ಹೊಸಪೇಟ್ಯಾಗ ಸಾವಿರಗಟ್ಲೆ ಕೊಟ್ಟು ಕೈತುಂಬ ಟ್ಯಾಟೂ ಹಾಕಿಸ್ಕೊಂಡು ಬಂದಿರ್ತಾನ!

ನಿಮ್ಮ ಮನ್ಯಾಗ ಹಚ್ಚಿ ಇರೋ ಅಜ್ಜಿ ಇದ್ರ ಕಾಮೆಂಟಿನಾಗ ಫೋಟೋ ಹಾಕ್ರಿ, ಯಾವ ಚಿತ್ರ, ಯಾವ ಊರಾಗ ಹಾಕಿದ್ದು ಅಂತನೂ ಬರೀರಿ. ಆದ್ರ ಅಜ್ಜಿನ ಒಂದ್ ಮಾತು ಕೇಳಿ ಹಾಕ್ರಿ, ಬ್ಯಾಡ ಅಂದ್ರ ಬಿಡ್ರಿ.