ಅಕ್ಟೋಬರ್ ತಿಂಗಳ ಹೊಟ್ಟೆಯುರಿ

ಬೇಸ್‌ಬಾಲ್ ಅಭಿಮಾನಿಯ ಹೊಟ್ಟೆಯುರಿಗೂ ಒಂದು ಕಾಲವಿದೆ. 162 ಪಂದ್ಯಗಳ ಸೀಸನ್ ಉದ್ದಕ್ಕೂ ಅದು ಮಲಗಿರುತ್ತದೆ. ಅಕ್ಟೋಬರ್ ಬಂದರೆ ಎದ್ದು ಕೂರುತ್ತದೆ. 2025ರಲ್ಲಿ ಮಿಲ್ವಾಕಿ ಬ್ರೂವರ್ಸ್ 97 ಪಂದ್ಯ ಗೆದ್ದು ಅಮೆರಿಕದ ಮೇಜರ್ ಲೀಗ್‌ನ ಮೂವತ್ತು ತಂಡಗಳಲ್ಲೇ ಮೊದಲ ಸ್ಥಾನದಲ್ಲಿತ್ತು. ಸಿರಿವಂತ ಲಾಸ್ ಏಂಜಲಿಸ್ ಡಾಜರ್ಸ್ ವಿರುದ್ಧವಂತೂ ಆರಕ್ಕೆ ಆರೂ ಗೆದ್ದಿತ್ತು. ಪ್ಲೇಆಫ್‌ನಲ್ಲಿ ಅದೇ ಡಾಜರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋಲು. ಹೊಡೆದದ್ದು ಪಂದ್ಯಕ್ಕೊಂದರಂತೆ ನಾಲ್ಕೇ ರನ್!

ದುಡ್ಡೆಲ್ಲ ಬ್ಯಾಟಿನಲ್ಲಿದೆ ಎಂದುಕೊಂಡರೆ ತಪ್ಪು, ಅದಿರುವುದು ಚೆಂಡೆಸೆಯುವ ಪಿಚರ್‌ಗಳ ತೋಳಿನಲ್ಲಿ. ಸೀಸನ್‌ನಲ್ಲಿ ಹೆಚ್ಚುಕಮ್ಮಿ ದಿನವೂ ಆಟ. ಆಟ ಶುರುಮಾಡುವ ಪಿಚರ್‌ಗಳು ಐದಾರು ಮಂದಿ ಬೇಕು. ಐದನೆಯವನ ಸರದಿ ಬಂದ ದಿನ ಸಿರಿವಂತ ತಂಡವೂ ಬಡವರಂತೆಯೇ ಹೊಡೆಸಿಕೊಳ್ಳುತ್ತದೆ. ಪ್ಲೇಆಫ್‌ನಲ್ಲಿ ನಡುನಡುವೆ ರಜೆ, ನಾಲ್ವರಿದ್ದರೆ ಸಾಕು. ಡಾಜರ್ಸ್‌ನ ನಾಲ್ವರಲ್ಲಿ ಸ್ನೆಲ್‌ಗೆ 5 ವರ್ಷಕ್ಕೆ 18.2 ಕೋಟಿ ಡಾಲರ್, ಯಮಮೊಟೊಗೆ 12 ವರ್ಷಕ್ಕೆ 32.5 ಕೋಟಿ. ಸ್ನೆಲ್ ಭುಜದ ನೋವಿನಿಂದ ಸೀಸನ್‌ನಲ್ಲಿ ಶುರುಮಾಡಿದ್ದು ಬರೀ 11 ಪಂದ್ಯ. ಬಡ ತಂಡವಾಗಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಡಾಜರ್ಸ್ ಕಾದರು, ಮಿಲ್ವಾಕಿ ವಿರುದ್ಧದ ಮೊದಲ ಪಂದ್ಯದಲ್ಲಿ ಅವನು ಎಂಟು ಇನ್ನಿಂಗ್ಸ್ ಎಸೆದು ಕೊಟ್ಟದ್ದು ಒಂದೇ ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ). ನಾಲ್ಕನೆಯದರಲ್ಲಿ ಓಟಾನಿ ಆರು ಇನ್ನಿಂಗ್ಸ್ ರನ್ ಕೊಡದೆ ಹತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ, ತಾನೇ ಸಿಕ್ಸರ್‌ನಂಥ ಮೂರು ಹೋಮ್ ರನ್ ಬಾರಿಸಿದ. ಬಯ್ಯೋಣವೆಂದರೆ ಕೈ ಚಪ್ಪಾಳೆ ತಟ್ಟುತ್ತಿರುತ್ತದೆ.

ಈ ಓಟಾನಿಯ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್. ಅದರಲ್ಲಿ 68 ಕೋಟಿ ಕಡ! 2034ರಿಂದ ಕೊಡುವುದಂತೆ. ಐಪಿಎಲ್ ಹರಾಜಿನಲ್ಲಿ 2025ಕ್ಕೆ ಎಲ್ಲ ತಂಡಕ್ಕೂ ಇದ್ದದ್ದು 120 ಕೋಟಿ ರೂಪಾಯಿಯದೇ ಥೈಲಿ. ಹದಿನೆಂಟು ವರ್ಷ ಕಾದ ಬೆಂಗಳೂರಿನವರಿಗೆ ‘ಅವರ ಹತ್ರ ದುಡ್ಡಿತ್ತು’ ಎಂಬ ನೆಪವೂ ಇರಲಿಲ್ಲ. ಬೇಸ್‌ಬಾಲ್‌ನಲ್ಲಿ ಅಂಥ ಕಟ್ಟುನಿಟ್ಟಿಲ್ಲ. ಸಂಬಳದ ಮೊತ್ತ ಗೆರೆ ದಾಟಿದರೆ (2025ಕ್ಕೆ ಅದು 24.1 ಕೋಟಿ ಡಾಲರ್) ಹೆಚ್ಚಾದದ್ದಕ್ಕೆ ಲಕ್ಷುರಿ ಟ್ಯಾಕ್ಸ್: ಮೊದಲ ವರ್ಷ ಶೇ. 20, ಸತತ ಮೂರನೇ ವರ್ಷ ಶೇ. 50, ತೀರಾ ದಾಟಿದರೆ ಇನ್ನಷ್ಟು. ದಂಡ ಕಟ್ಟುವ ತಾಕತ್ತಿದ್ದವನಿಗೆ ಅದು ಟೋಲ್ ಗೇಟ್ ಅಷ್ಟೇ.

ಹಾಗಂತ ದುಡ್ಡಿದ್ದವರದೇ ಗೆಲುವು ಎಂದು ಗೊಣಗಲೂ ನ್ಯೂಯಾರ್ಕ್ ಮೆಟ್ಸ್ ಬಿಡುವುದಿಲ್ಲ. ಬ್ಯಾಟರ್ ಸೋಟೊ ಒಬ್ಬನಿಗೇ 76.5 ಕೋಟಿ ಡಾಲರ್ ಬರೆದುಕೊಟ್ಟು, 2025ರಲ್ಲಿ 83 ಗೆಲುವಿನೊಂದಿಗೆ ಕೊನೆಯ ದಿನ ಪ್ಲೇಆಫ್‌ನಿಂದ ಹೊರಬಿತ್ತು. ಅಷ್ಟೇ ಗೆಲುವಿದ್ದ ಸಿನ್ಸಿನಾಟಿ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಮುಂದಿದ್ದು ಒಳಗೆ ಹೋಯಿತು. ಮೊದಲ ಸುತ್ತಿನಲ್ಲೇ ಅದಕ್ಕೆ ಎದುರಾದದ್ದು ಡಾಜರ್ಸ್.