ಆ ಅಪ್ಪ ಮಲಗುವುದು ಯಾವಾಗ?

ಕೊಚ್ಚಿಯಲ್ಲಿ ಸಿನಿಮಾ ಮುಗಿಸಿ ಹೊರಬರುವವರನ್ನು ಹೇಗಿತ್ತು ಎಂದು ಕೇಳಿ, ‘ಕುೞಪ್ಪಮಿಲ್ಲ’ ಎಂಬ ಉತ್ತರ ಬಂದರೆ ಆ ಚಿತ್ರ ಎರಡನೆಯ ವಾರ ಕಾಣುವುದು ಕಷ್ಟ ಎಂದು ತಿಳಿಯಬೇಕು. ತೊಂದರೆಯಿಲ್ಲ, ಕುಳಿತು ನೋಡಬಹುದು, ಅಷ್ಟೇ ಅದರ ತೂಕ. ಶಿರಸಿಯ ಕಡೆಯ ನಮ್ಮ ಮನೆಯಲ್ಲಿ ಅದೇ ಅರ್ಥದ, ಅದೇ ಕಟ್ಟಿನ ಮಾತೊಂದಿದೆ: ‘ಅಡ್ಡಿಲ್ಲೆ’. ಆದರೆ ಮದುವೆಮನೆಯ ಅಪ್ಪೆಹುಳಿಗೂ, ಹೊಸ ಸೊಸೆಗೂ, ರಾತ್ರಿಯಿಡೀ ಹಾಡಿದ ಭಾಗವತರಿಗೂ ನಮ್ಮವರ ಬಾಯಿಂದ ಬೀಳುವ ಅತಿದೊಡ್ಡ ಮೆಚ್ಚುಗೆ ಅದೇ. ಅದಕ್ಕಿಂತ ಮೇಲಿನ ಮಾತು ನಮ್ಮಲ್ಲಿ ತಯಾರಾಗಿಲ್ಲ. (ಕನ್ನಡ ಎಂದೋ ಕೈಬಿಟ್ಟ ೞ ಅಕ್ಷರ ಮಲಯಾಳಿಗಳ ಬಾಯಲ್ಲಿ ಇಂದಿಗೂ ಸುಖವಾಗಿದೆ. ಹದಿನಾರು ವರ್ಷ ಇಲ್ಲಿದ್ದರೂ ನನ್ನ ನಾಲಿಗೆ ಅದಕ್ಕೆ ಮಣಿದಿಲ್ಲ.)

ಈ ಎರಡು ತೀರ್ಪುಗಳನ್ನೂ ಒಂದೇ ಕಥೆಯ ಬಗ್ಗೆ ಕೇಳುವ ಯೋಗ ನನಗೆ ಒದಗಿತು. 2004ರಲ್ಲಿ ಪೀಟರ್ ಸೀಗಲ್ ನಿರ್ದೇಶಿಸಿದ, ಆಡಮ್ ಸ್ಯಾಂಡ್ಲರ್ ಮತ್ತು ಡ್ರೂ ಬ್ಯಾರಿಮೋರ್ ನಟಿಸಿದ ‘50 ಫಸ್ಟ್ ಡೇಟ್ಸ್’ ಎಂಬ ನಗೆ-ಪ್ರೇಮದ ಚಿತ್ರದ ಕಥೆ ಅದು. ಹವಾಯಿಯಲ್ಲಿ ಕಾರು ಅಪಘಾತಕ್ಕೆ ಸಿಲುಕಿದ ಲೂಸಿಗೆ ಅಪಘಾತದ ಹಿಂದಿನ ದಿನದವರೆಗಿನ ಬದುಕೆಲ್ಲ ನೆನಪಿದೆ. ಅನಂತರದ್ದು ಒಂದು ದಿನದಾಚೆ ಉಳಿಯುವುದಿಲ್ಲ, ನಿದ್ದೆಯೊಡನೆ ಅಳಿಸಿಹೋಗುತ್ತದೆ. ಅವಳನ್ನು ಪ್ರೀತಿಸುವ ಪ್ರಾಣಿವೈದ್ಯ ಹೆನ್ರಿ ಪ್ರತಿದಿನವೂ ಅಪರಿಚಿತನಾಗಿಯೇ ಅವಳ ಮುಂದೆ ನಿಲ್ಲಬೇಕು. ಇದೇ ಎಳೆಯನ್ನು ಹಿಡಿದು 2014ರಲ್ಲಿ ಮಲಯಾಳದಲ್ಲಿ ವಿನೀತ್ ಶ್ರೀನಿವಾಸನ್ ಮತ್ತು ನಮಿತಾ ಪ್ರಮೋದ್ ನಟಿಸಿದ ‘ಓರ್ಮಯುಂಡೋ ಈ ಮುಖಂ’ ಬಂತು. ‘ಈ ಮುಖ ನೆನಪಿದೆಯಾ’ ಎಂಬ ಆ ಹೆಸರು ಮೂಲತಃ ಸುರೇಶ್ ಗೋಪಿಯವರು ಪೊಲೀಸ್ ವೇಷದಲ್ಲಿ ಗುಡುಗಿದ ಜನಪ್ರಿಯ ಮಾತಾದ್ದರಿಂದ, ಗದರಿಕೆಯೊಂದು ಪ್ರೇಮಕಥೆಯ ಹೆಸರಾದದ್ದಕ್ಕೇ ಇಲ್ಲಿಯವರು ಅರ್ಧ ನಕ್ಕಿದ್ದರು.

ಅದನ್ನು ಕಚೇರಿಯ ಐದಾರು ಮಂದಿ ಒಟ್ಟಿಗೆ ನೋಡಿದೆವು. ಹೊರಗೆ ಚಹಾದ ಅಂಗಡಿಯ ಮುಂದೆ ನಿಂತು, ಮೂಲಚಿತ್ರವನ್ನೂ ಪಕ್ಕಕ್ಕಿಟ್ಟುಕೊಂಡು ಅವರು ನಡೆಸಿದ ಚರ್ಚೆ ಚಿತ್ರಕ್ಕಿಂತ ಚೆನ್ನಾಗಿತ್ತೆಂದರೆ ತಪ್ಪಿಲ್ಲ. ಮಲಯಾಳಿಗಳು ಚಿತ್ರವನ್ನು ಬಿಚ್ಚುವುದು ಗಡಿಯಾರ ರಿಪೇರಿಯವನ ಹಾಗೆ: ಚಿತ್ರಕಥೆ ಬೇರೆ, ನಟನೆ ಬೇರೆ, ಕ್ಲೈಮ್ಯಾಕ್ಸ್ ಬೇರೆ. ಕೊನೆಗೆ ಎಲ್ಲರೂ ನಿಂತದ್ದು ಒಂದೇ ಪ್ರಶ್ನೆಯ ಮುಂದೆ. ನಿನ್ನೆ ‘ಹೂಂ’ ಎಂದದ್ದು ಇಂದು ನೆನಪಿಲ್ಲದ ಹೆಣ್ಣಿನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ಮೂಲಚಿತ್ರದ ಕೊನೆಯಲ್ಲಿ ಲೂಸಿ ಕಣ್ಣು ಬಿಡುವುದು ಅಲಾಸ್ಕಾದ ಚಳಿಯಲ್ಲಿ, ಒಂದು ದೋಣಿಯೊಳಗೆ. ವೀಡಿಯೊ ನೋಡಿದ ಮೇಲಷ್ಟೇ ಅವಳಿಗೆ ತಾನು ಮದುವೆಯಾದದ್ದು ತಿಳಿಯುತ್ತದೆ, ಡೆಕ್ಕಿನ ಮೇಲೆ ಮಗಳು ಕಾದಿರುತ್ತಾಳೆ. ಗುಂಪಿನ ಗಂಡಸರು ಇದನ್ನು ಸುಖಾಂತ ಎಂದರು; ಇಬ್ಬರು ಹೆಂಗಸರು ಇದು ಭಯದ ಚಿತ್ರ ಎಂದರು. ನಾನು ಆ ದಿನ ಗಂಡಸರ ಪಕ್ಷದಲ್ಲಿದ್ದೆ.

ಅದಾಗಿ ಕೆಲವು ವರ್ಷಗಳ ಮೇಲೆ ಡಿಸೆಂಬರಿನಲ್ಲಿ ರಜೆ ಹಾಕಿ, ರೈಲಿನಲ್ಲಿ ಕುಮಟಾದವರೆಗೆ ಬಂದು, ದೇವಿಮನೆ ಘಟ್ಟ ಹತ್ತಿ ಮನೆ ಸೇರಿದೆ. ಅಡಿಕೆ ಸುಲಿಯುವ ಕಾಲ. ಜಗುಲಿಯಲ್ಲಿ ಹಸಿ ಅಡಿಕೆಯ ರಾಶಿ, ಅದರ ಸುತ್ತ ಮೆಟ್ಟುಗತ್ತಿಯ ಮೇಲೆ ಕುಳಿತ ಏಳೆಂಟು ಜನ, ಸಿಪ್ಪೆಯ ಒಗರು ವಾಸನೆ, ಎದುರಿಗೆ ಟಿವಿ. ದಿನವೂ ಹಚ್ಚುವ ಧಾರಾವಾಹಿಯ ಬದಲು ಅಣ್ಣನ ಮಗ ಪೆನ್‌ಡ್ರೈವ್ ಸಿಕ್ಕಿಸಿ ಹಾಕಿದ್ದು ಇದೇ ಇಂಗ್ಲಿಷ್ ಚಿತ್ರವನ್ನು. ಅವನು ಒಂದೊಂದು ಮಾತನ್ನು ಹವ್ಯಕ ಕನ್ನಡದಲ್ಲಿ ಹೇಳುತ್ತ ಹೋದ. ಪೋಲಿ ಮಾತು ಬಂದಲ್ಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು. ಹೆನ್ರಿಯ ಹವಾಯಿ ಗೆಳೆಯನ ಪಾತ್ರ ಅಲ್ಲಿಯ ಜನರನ್ನು ಗೇಲಿ ಮಾಡುವಂತಿದೆ ಎಂಬ ಆಕ್ಷೇಪವನ್ನು ನಾನು ಬೇರೆಡೆ ಕೇಳಿದ್ದೆ, ಅದು ನ್ಯಾಯವೇ ಹೌದು. ನಮ್ಮ ಜಗುಲಿಯಲ್ಲಿ ಅವನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕತ್ತಿಗಳು ನಿಂತದ್ದು ಒಂದೇ ಕಡೆ. ಮಗಳಿಗೆ ಎಂದೆಂದೂ ಅಪಘಾತದ ದಿನವೇ ನಡೆಯುತ್ತಿದೆ ಎಂದು ತೋರಲು ಅವಳ ಅಪ್ಪ ಮತ್ತು ಸೋದರ ಆ ಅಕ್ಟೋಬರ್ 13ರ ಪತ್ರಿಕೆಯನ್ನೇ ದಿನವೂ ಅಂಗಳದಲ್ಲಿಡುತ್ತಾರೆ, ಅವಳು ಕೊಡುವ ಅದೇ ಉಡುಗೊರೆಯನ್ನು ಬಿಚ್ಚಿ ಅದೇ ಅಚ್ಚರಿಯನ್ನು ನಟಿಸುತ್ತಾರೆ, ಹಗಲು ಅವಳು ಗೋಡೆಯ ಮೇಲೆ ಬರೆದ ಚಿತ್ರಕ್ಕೆ ರಾತ್ರಿ ಬಿಳಿ ಬಣ್ಣ ಬಳಿದು ಮರುದಿನಕ್ಕೆ ಸಜ್ಜುಮಾಡುತ್ತಾರೆ. ಅಪ್ಪ ಬಣ್ಣದ ರೋಲರ್ ಎತ್ತಿದಾಗ, ಮೂಲೆಯಲ್ಲಿ ಸುಲಿಯುತ್ತಿದ್ದ ಹೆಂಗಸೊಬ್ಬಳು, ಸಂಜೆಯಿಂದ ಬಾಯಿ ಬಿಡದಿದ್ದವಳು, ‘ಆ ಅಪ್ಪ ಮಲಗೂದು ಯಾವಾಗ್ರಾ?’ ಎಂದಳು. ಯಾರೂ ನಗಲಿಲ್ಲ. ಕೊಚ್ಚಿಯ ಅಷ್ಟು ಹೊತ್ತಿನ ಚರ್ಚೆಯಲ್ಲಿ ಆ ಅಪ್ಪನ ಹೆಸರೇ ಬಂದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ನಮ್ಮ ಮನೆಯವರು ಈ ಚಿತ್ರವನ್ನು ಪ್ರೇಮದ ಕಡೆಯಿಂದ ನೋಡಲೇ ಇಲ್ಲ. ಚಾಕರಿಯ ಕಡೆಯಿಂದ ನೋಡಿದರು. ಅದಕ್ಕೆ ಕಾರಣವಿದೆ. ನಮ್ಮ ಅಜ್ಜಿ ಕೊನೆಯ ಆರು ವರ್ಷ ಮರೆವಿನಲ್ಲಿ ಕಳೆದವಳು. ಅವಳದು ಲೂಸಿಯಂತೆ ಒಂದು ಗೆರೆ ಎಳೆದು ನಿಂತ ಮರೆವಲ್ಲ, ಇಂಚಿಂಚಾಗಿ ಹಿಂದಕ್ಕೆ ಸರಿಯುತ್ತ ಹೋದದ್ದು. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಕಡೆ ತಿರುಗಿ ‘ಅವ್ರು ತೋಟದಿಂದ ಬಂದ್ರ?’ ಎಂದು ಅಜ್ಜನನ್ನು ವಿಚಾರಿಸುವಳು. ದೊಡ್ಡಮ್ಮ ಪ್ರತಿದಿನವೂ, ಒಲೆಯ ಮುಂದಿನಿಂದ ತಲೆಯೆತ್ತದೆ, ‘ಈಗ ಬತ್ರು, ನಿಂಗ ಊಟ ಮಾಡಿ’ ಎನ್ನುವಳು. ಅಜ್ಜ ತೀರಿ ಆಗ ಹನ್ನೊಂದು ವರ್ಷ. ಒಮ್ಮೆ ರಜೆಗೆ ಬಂದ ನಾನು, ಹೊರಗೆ ಇದ್ದು ನಾಲ್ಕು ಅಕ್ಷರ ಹೆಚ್ಚು ಓದಿದ ಗರ್ವದಲ್ಲಿ, ಸುಳ್ಳು ಯಾಕೆ ಎಂದುಕೊಂಡು ಅಜ್ಜಿಯ ಕೈಹಿಡಿದು ನಿಜ ಹೇಳಿದೆ. ಅವಳು ಆಗತಾನೇ ಸುದ್ದಿ ಬಂದ ಹೆಂಡತಿಯಂತೆ ಅತ್ತಳು. ಅರ್ಧ ಗಂಟೆಯ ನಂತರ ಮತ್ತೆ ಅದೇ ಪ್ರಶ್ನೆ. ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. ಒಳಗೆ ಕರೆದು ತೆಂಗಿನಕಾಯಿ ತುರಿಯಲು ಕೊಟ್ಟಳು.

ಹೆನ್ರಿ ಅಪ್ಪನ ನಾಟಕವನ್ನು ನಿಲ್ಲಿಸಿ, ಅಪಘಾತದ ಸುದ್ದಿಯನ್ನೂ ಈಚಿನ ಬದುಕನ್ನೂ ಒಂದು ವೀಡಿಯೊದಲ್ಲಿ ಅಡಕಮಾಡಿ ದಿನವೂ ಬೆಳಿಗ್ಗೆ ಅವಳಿಗೆ ತೋರಿಸುವ ಏರ್ಪಾಡು ಮಾಡುತ್ತಾನೆ. ಹೊರಗಿನ ಪ್ರೇಕ್ಷಕರಿಗೆ ಚಿತ್ರದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ: ಸುಳ್ಳು ಹೋಗಿ ಸತ್ಯ ಬಂತು ಎಂದು. ನಾನು ಅದನ್ನು ನೋಡಿದಾಗಲೆಲ್ಲ ಅಜ್ಜಿಯ ಆ ಅಳು ಕೇಳಿಸುತ್ತದೆ. ಲೂಸಿಯೂ ಅಳುತ್ತಾಳೆ, ಆದರೆ ಚಿತ್ರ ಅದನ್ನು ಬೇಗ ದಾಟಿ ಮುಂದಕ್ಕೆ ಹೋಗುತ್ತದೆ. ಪ್ರತಿದಿನ ಬೆಳಿಗ್ಗೆ ಹೊಸದಾಗಿ ಬಡಿಯುವ ದುಃಖದ ಲೆಕ್ಕವನ್ನು ಇಡುವುದಿಲ್ಲ. ಚಿತ್ರದ ಬಗ್ಗೆ ನನ್ನ ದೊಡ್ಡ ತಕರಾರು ಇಷ್ಟೇ. ವೈದ್ಯಶಾಸ್ತ್ರದ ತಪ್ಪನ್ನು ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. ನಿದ್ದೆಯೊಡನೆ ಇಡೀ ದಿನ ಅಳಿಸಿಹೋಗುವ ಇಂಥ ಕಾಯಿಲೆಯನ್ನು ನರವಿಜ್ಞಾನ ಅದುವರೆಗೆ ಕಂಡಿರಲಿಲ್ಲ, ಕಥೆಗಾರರು ಹೆಸರನ್ನೂ ಸೇರಿಸಿ ಹೊಸೆದದ್ದು ಅದು. ತಮಾಷೆಯೆಂದರೆ, 2005ರಲ್ಲಿ ಕಾರು ಅಪಘಾತಕ್ಕೆ ಒಳಗಾದ ಅಮೆರಿಕದ ಮಹಿಳೆಯೊಬ್ಬರು ಥೇಟ್ ಲೂಸಿಯಂತೆಯೇ ದಿನಕ್ಕೊಮ್ಮೆ ಮರೆಯತೊಡಗಿದರು. ಅವರನ್ನು ಪರೀಕ್ಷಿಸಿದ ವಿಜ್ಞಾನಿಗಳು ಹಿಂದಿನ ದಿನ ತೋರಿಸಿದ್ದನ್ನು ಅವರಿಗೆ ತಿಳಿಯದಂತೆ ಅಂದಿನದರೊಡನೆ ಬೆರೆಸಿ ಕೇಳಿದಾಗ ಅವರು ಗುರುತಿಸಿದರು. ಆಕೆ ನಟಿಸುತ್ತಿರಲಿಲ್ಲ, ಆದರೆ ಮರೆವಿನ ರೂಪಕ್ಕೆ ಈ ಚಿತ್ರದ ನೆರಳು ಬಿದ್ದಿರಬಹುದು ಎಂದು ಆ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು.

ಇದನ್ನು ಹೇಳಿದಾಗ ನಮ್ಮ ಮಾವನಿಗೆ ಉಮೇದು ಬಂತು. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವರು. ಎದುರಾಳಿಯಿಲ್ಲದಿದ್ದರೆ ಎರಡೂ ಪಕ್ಷವನ್ನು ತಾವೇ ವಹಿಸುವವರು. ಮರೆತದ್ದೋ, ಮರೆತಂತೆ ಇದ್ದದ್ದೋ ಎಂಬ ಪ್ರಶ್ನೆ ದುಷ್ಯಂತನ ಕಾಲದ್ದು ಎಂದರು. ಮಹಾಭಾರತದ ದುಷ್ಯಂತ ಎಲ್ಲವೂ ನೆನಪಿದ್ದೇ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಅರಿಯೆನೆಂದವನು. ದುರ್ವಾಸರ ಶಾಪವನ್ನೂ ಉಂಗುರವನ್ನೂ ಮೀನನ್ನೂ ತಂದು ಅವನ ಮರ್ಯಾದೆ ಉಳಿಸಿದವನು ಕಾಳಿದಾಸ. ‘ಅಲ್ಲಿ ಮರೆತವ ಗಂಡು, ಅದಕ್ಕೇ ಯಾರೂ ಅವನ ಒಪ್ಪಿಗೆ ಕೇಳಲಿಲ್ಲ’ ಎಂದು ಅವರೇ ಸೇರಿಸಿದಾಗ, ಆ ಮಾತು ಕೊಚ್ಚಿಯ ಚಹಾದ ಅಂಗಡಿಯ ಮುಂದೆ ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಹಾಗೆಂದು ಊರಿನ ನೋಟವೇ ಸರಿ ಎನ್ನಲಾರೆ. ಹೆನ್ರಿಯ ಬದುಕಿಗೆ ತಾನು ಅಡ್ಡಿ ಎಂದು ಅರಿತ ಲೂಸಿ ತಾನಾಗಿಯೇ ಅವನನ್ನು ಬಿಟ್ಟು, ತನ್ನ ದಿನಚರಿಯಿಂದ ಅವನ ಪುಟಗಳನ್ನು ತೆಗೆದುಹಾಕಿ, ಆರೈಕೆ ಕೇಂದ್ರವೊಂದಕ್ಕೆ ಹೋಗಿ ನೆಲೆಸುತ್ತಾಳೆ. ಇಡೀ ಚಿತ್ರದಲ್ಲಿ ಮರೆತವಳೇ ತೀರ್ಮಾನಿಸುವ ಭಾಗ ಅದು. ನಮ್ಮ ಜಗುಲಿಯಲ್ಲಿ ಅದು ಬಂದಾಗ ಅರ್ಧ ಜನ ಚಹಾಕ್ಕೆ ಎದ್ದಿದ್ದರು. ಕೊಚ್ಚಿಯ ಆ ಇಬ್ಬರು ಹೆಂಗಸರು ಇದ್ದಿದ್ದರೆ ಏಳುತ್ತಿರಲಿಲ್ಲ. ಅಜ್ಜಿಯ ಮರೆವು ಇನ್ನೂ ಎಳೆಯದಿದ್ದಾಗ, ‘ಮುಂದೆ ನಿನಗೆ ನಿಜ ಹೇಳೋಣವೋ ಬೇಡವೋ’ ಎಂದು ಅವಳನ್ನೇ ಕೇಳಬಹುದಿತ್ತು. ಆರು ವರ್ಷದಲ್ಲಿ ಮನೆಯ ಒಬ್ಬರಿಗೂ, ನನಗೂ, ಅದು ತೋಚಲಿಲ್ಲ.

ಚಿತ್ರ ಮುಗಿಯುವ ಹೊತ್ತಿಗೆ ರಾಶಿ ಅರ್ಧ ಇಳಿದಿತ್ತು. ದೊಡ್ಡಮ್ಮನನ್ನು ಹೇಗಿತ್ತು ಎಂದು ಕೇಳಿದೆ. ‘ಅಡ್ಡಿಲ್ಲೆ’ ಎಂದಳು. ಕತ್ತಿಯ ಅಂಚಿಗೆ ಇನ್ನೊಂದು ಅಡಿಕೆ ಒತ್ತಿ, ‘ಆ ಮಾಣಿಗೆ ಜ್ವರ ಬಂದ ದಿನ ಕ್ಯಾಸೆಟ್ ಹಾಕದು ಯಾರು?’ ಎಂದು ಕೇಳಿದಳು. ಕೊಚ್ಚಿಗೆ ಮರಳಿ ಈ ಪ್ರಶ್ನೆಯನ್ನು ಅದೇ ಗೆಳೆಯರ ಮುಂದಿಟ್ಟೆ. ಅದು ಎರಡನೆಯ ಭಾಗದ ಕಥೆ ಎಂದು ಒಬ್ಬರು ನಕ್ಕರು. ಚಿತ್ರವನ್ನು ಭಯದ್ದು ಎಂದಿದ್ದ ಇಬ್ಬರಲ್ಲಿ ಒಬ್ಬರು, ತಾಯಿಯನ್ನು ನೋಡಿಕೊಳ್ಳಲು ಕೆಲಸದ ವೇಳೆ ಬದಲಿಸಿಕೊಂಡವರು, ಚಹಾದ ಲೋಟ ಕೆಳಗಿಟ್ಟು ನಿಮ್ಮ ದೊಡ್ಡಮ್ಮನ ವಯಸ್ಸೆಷ್ಟು ಎಂದು ಕೇಳಿದರು.