ಈರುಳ್ಳಿಗೆ ಪೌಡರ್, ಟೊಮೆಟೊಗೆ ಕೊಸರು

ಅಕ್ಕ, ಭಾವ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಹೋದ ಬೇಸಿಗೆಯಲ್ಲಿ ಅವರ ಮನೆಗೆ ಹೋದ ಮೊದಲ ದಿನವೇ ನಾನೊಂದು ಅಪರಾಧ ಮಾಡಲು ಹೋಗಿ ಸಿಕ್ಕಿಬಿದ್ದೆ. ಹುಳಿಗೆ ಎರಡು ಈರುಳ್ಳಿ ಬೇಕು ಅಂದಳು ಅಕ್ಕ. ಹಿತ್ತಲಲ್ಲಿ ಸಾಲಾಗಿ, ಮಿರಮಿರ ಮಿಂಚುವ ಈರುಳ್ಳಿ ಇದ್ದವು. ಒಂದನ್ನು ಕೀಳೋಣ ಅಂತ ಬಗ್ಗಿದೆ.

"ಏಯ್, ಮುಟ್ಬೇಡ!" ಭಾವ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿ ಬಂದರು. "ಅವು ತಿನ್ನೋಕಲ್ಲ ಕಣೋ."

"ಮತ್ತೆ ಯಾತಕ್ಕೆ ಭಾವ?"

"ಪ್ರದರ್ಶನಕ್ಕೆ."

ಅಕ್ಕ ಮಾತಿಲ್ಲದೆ ಸೂಪರ್‌ಮಾರ್ಕೆಟ್ಟಿನ ಚೀಲದಿಂದ ಎರಡು ಈರುಳ್ಳಿ ತೆಗೆದು ಹೆಚ್ಚತೊಡಗಿದಳು. ಹಿತ್ತಲಲ್ಲಿ ನಲವತ್ತು ಈರುಳ್ಳಿ ಇಟ್ಟುಕೊಂಡು ಅಂಗಡಿಯಿಂದ ಈರುಳ್ಳಿ ತರುವ ಮನೆ ಇದೊಂದೇ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಆ ಬೀದಿಯಲ್ಲೇ ಅಂಥವು ನಾಲ್ಕು ಮನೆ.

ಹಳ್ಳಿಯ ತೋಟಗಾರಿಕೆ ಪ್ರದರ್ಶನ ನಡೆಯುವುದು ಆಗಸ್ಟ್‌ನ ಒಂದು ಶನಿವಾರ. ಅದರ ನಿಯಮಗಳ ಪುಸ್ತಿಕೆ ಮಾತ್ರ ಚಳಿ ಬಿಡುವ ಮೊದಲೇ ಮನೆಗೆ ಬಂದಿರುತ್ತದೆ. ಶೆಡ್ಯೂಲ್ ಅನ್ನುತ್ತಾರೆ. ಅಡುಗೆಮನೆಯಲ್ಲಿ ಪಂಚಾಂಗ ನೇತುಹಾಕಬೇಕಾದ ಮೊಳೆಗೆ ಭಾವ ಅದನ್ನು ನೇತುಹಾಕಿದ್ದರು. ಮೂರು ಕ್ಯಾರೆಟ್. ತೊಟ್ಟು ಸಮೇತ ಐದು ಟೊಮೆಟೊ. ಒಂದು ಹೂದಾನಿ, ಮೂರು ಡೇಲಿಯಾ. ಗಂಡಸರೇ ಮಾಡಿದ ಒಂದು ಚಾಕೊಲೇಟ್ ಕೇಕು. ಭಾವನ ಕಣ್ಣೆಲ್ಲ ಒಂದೇ ಸಾಲಿನ ಮೇಲೆ: ಈರುಳ್ಳಿ ಮೂರು, ಒಂದೊಂದೂ 250 ಗ್ರಾಂ ಮೀರಬಾರದು.

ಈ 250 ಗ್ರಾಂ ಭಾವನ ಹಳ್ಳಿಯ ಹುಚ್ಚಲ್ಲ. ದೇಶದ ತುಂಬ ಪ್ರದರ್ಶನಗಳಲ್ಲಿ ಇರುವ ಲಕ್ಷ್ಮಣರೇಖೆ. 249 ಇದ್ದರೆ ಮರ್ಯಾದಸ್ಥ ಈರುಳ್ಳಿ, 251 ಆದರೆ ಗಡೀಪಾರು. ಹಾಗಾಗಿ ಭಾವ ದಿನಾ ಸಂಜೆ ದರ್ಜಿಯ ಟೇಪು ಹಿಡಿದು ಒಂದೊಂದರ ಸುತ್ತಳತೆ ತೆಗೆದು ಬರೆದಿಡುತ್ತಿದ್ದರು. ನಮ್ಮ ರೈತ ಬೆಳೆ ಬೆಳೆಯಲಿ ಅಂತ ದೇವರಿಗೆ ಹರಕೆ ಹೊತ್ತರೆ, ಭಾವ ಇನ್ನು ಸಾಕು ನಿಲ್ಲಪ್ಪಾ ಅಂತ ಬೇಡುತ್ತಿದ್ದರು.

ದೊಡ್ಡದೇ ಬೇಕು ಅನ್ನುವವರ ಅಖಾಡ ಬೇರೆ. 2023ರಲ್ಲಿ ಹ್ಯಾರೊಗೇಟ್‌ನ ಶರತ್ಕಾಲದ ಪ್ರದರ್ಶನಕ್ಕೆ ಬಂದ ಒಂದೇ ಒಂದು ಈರುಳ್ಳಿ 8.97 ಕಿಲೋ ತೂಗಿ ವಿಶ್ವದಾಖಲೆ ಮಾಡಿತು. ಒಂದು ಹಾಸ್ಟೆಲ್ಲಿನ ಪಲ್ಯಕ್ಕೆ ಸಾಕು. ದೊಡ್ಡ ಈರುಳ್ಳಿ ಬೆಳೆಯುವವರು ಕ್ರಿಸ್ಮಸ್‌ನ ಮಾರನೇ ದಿನ ಬೀಜ ಹಾಕುವುದು ಹಳೇ ಸಂಪ್ರದಾಯ. ಮನೆಮಂದಿ ನಿನ್ನೆ ಉಳಿದ ಟರ್ಕಿ ತಿನ್ನುತ್ತಿದ್ದರೆ ಯಜಮಾನರು ಶೆಡ್ಡಿನಲ್ಲಿ ಬೀಜಕ್ಕೆ ಕಾವು ಕೊಡುತ್ತಾ ಕೂತಿರುತ್ತಾರೆ. ಬಾಣಂತನ ಅಂದರೆ ಅದು.

ಕಿತ್ತ ಮೇಲೆ ಶುರುವಾಗುವುದು ವಧುಪರೀಕ್ಷೆ. ಹೊರಗಿನ ಒರಟು ಸಿಪ್ಪೆ ಬಿಡಿಸುತ್ತಾರೆ. ಮೈಮೇಲೆ ಕಲೆ ಬೀಳಬಾರದು ಅಂತ ಟಾಲ್ಕಂ ಪೌಡರ್ ಹಚ್ಚುತ್ತಾರೆ. ನಿಜವಾಗಿಯೂ, ಮಗುವಿಗೆ ಹಚ್ಚುವ ಅದೇ ಪೌಡರ್. ಮೇಲಿನ ಒಣಗಿದ ಕುತ್ತಿಗೆಯನ್ನು ಮಡಚಿ, ರಾಫಿಯಾ ಅನ್ನುವ ನಾರಿನಿಂದ ನೀಟಾಗಿ ಸುತ್ತಿ ಕಟ್ಟುತ್ತಾರೆ. ಇದಕ್ಕೆ ಈರುಳ್ಳಿಗೆ ಡ್ರೆಸ್ ಮಾಡುವುದು ಅಂತಲೇ ಹೆಸರು. ಭಾವ ಅವಕ್ಕೆ ತುರುಬು ಕಟ್ಟುವುದನ್ನು ನೋಡುತ್ತಾ ಅಕ್ಕ, "ನಮ್ಮ ಮಗಳ ಜಡೆ ಒಂದಿನ ಹಾಕಿಲ್ಲ ಈ ಮನುಷ್ಯ" ಅಂದಳು.

"ತಿಂದು ನೋಡೋದು ಯಾವಾಗ ಭಾವ? ಪೌಡರ್ ತೊಳೆದ ಮೇಲಾ?" ಅಂತ ಕೇಳಿದೆ.

"ಯಾರು ತಿನ್ನೋದು?"

"ತೀರ್ಪುಗಾರರು."

ಭಾವ ನನ್ನನ್ನು ಕನಿಕರದಿಂದ ನೋಡಿದರು. "ತರಕಾರೀನ ಯಾರೂ ತಿಂದು ನೋಡಲ್ಲ ಕಣೋ."

ಇದನ್ನು ಅರಗಿಸಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಆಕಾರ ನೋಡುತ್ತಾರೆ. ಬಣ್ಣ, ಗಾತ್ರ, ಹುಳುಕು ನೋಡುತ್ತಾರೆ. ಎಲ್ಲಕ್ಕಿಂತ ಜಾಸ್ತಿ ನೋಡುವುದು ಮೂರೂ ಒಂದೇ ಥರ ಇವೆಯಾ ಅಂತ. ಒಂದೇ ತಾಯಿಯ ಮೂರು ಮಕ್ಕಳು ಒಂದೇ ಥರ ಇರುವುದಿಲ್ಲ, ಈರುಳ್ಳಿ ಇರಬೇಕು. ಬಟಾಣಿ ಕಾಯಿಯನ್ನು ತೊಟ್ಟು ಹಿಡಿದೇ ಕೀಳಬೇಕು, ಬೆರಳು ತಾಗಿದರೆ ಮೇಲಿನ ಬೂದಿಯಂಥ ಹೊಳಪು ಅಳಿಸಿ ಅಂಕ ಹೋಗುತ್ತದೆ. ಕ್ಯಾರೆಟ್‌ಗೆ ಪೀಪಾಯಿ ತುಂಬ ಮರಳು ಹಾಕಿ, ಹಾರೆಯಿಂದ ಆಳವಾದ ತೂತು ಮಾಡಿ, ಅದರಲ್ಲಿ ಜರಡಿ ಹಿಡಿದ ಗೊಬ್ಬರದ ಮಣ್ಣು ತುಂಬಿ ಬೀಜ ಹಾಕುತ್ತಾರೆ. ಬೇರು ಅಡ್ಡದಾರಿ ಹಿಡಿಯಬಾರದಲ್ಲ! ಮಕ್ಕಳನ್ನು ರೆಸಿಡೆನ್ಷಿಯಲ್ ಕಾಲೇಜಿಗೆ ಹಾಕುವ ನಮ್ಮವರಿಗೆ ಈ ವಿಧಾನ ತಕ್ಷಣ ಅರ್ಥವಾಗುತ್ತದೆ. ಅಲ್ಲೂ ಅಷ್ಟೇ, ಅಂಕ ಎಲ್ಲದಕ್ಕೂ ಉಂಟು, ರುಚಿಗಿಲ್ಲ.

ಇಷ್ಟು ಮುದ್ದಿನಿಂದ ಬೆಳೆಸಿದ್ದಕ್ಕೆ ಶತ್ರುಗಳೂ ಇರುತ್ತಾರೆ. ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಕಲ್ಲಿದ್ದಲು ಗಣಿಗಳಿದ್ದ ಊರುಗಳಲ್ಲಿ, ಲೀಕ್ ಅನ್ನುವ ಈರುಳ್ಳಿ ಜಾತಿಯ ಗಿಡಕ್ಕೆ ಸ್ಪರ್ಧೆ ಜಾಸ್ತಿ. ಪ್ರದರ್ಶನದ ಹಿಂದಿನ ರಾತ್ರಿಗಳಲ್ಲಿ ಯಾರೋ ಬಂದು ಲೀಕ್‌ಗಳನ್ನು ಕತ್ತರಿಸಿ ಹೋಗುವುದು, ಬೆಳೆದವರು ತೋಟದಲ್ಲೇ ಮಲಗಿ ಕಾಯುವುದು ಅಲ್ಲಿ ಕಟ್ಟುಕತೆಯಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಭಾವನಿಗೆ ಹೇಳಿದೆ. ಅವರು ನಗಲಿಲ್ಲ. ಎದ್ದು ಹಿತ್ತಲ ಬಾಗಿಲ ಚಿಲಕ ನೋಡಿ ಬಂದರು.

ಜುಲೈನಲ್ಲಿ ಊರಿನ ಫೇಟ್ ಬಂತು. ಜಾತ್ರೆ ಅನ್ನೋಣ, ತೇರು ಮತ್ತು ಕಡಲೆಪುರಿ ಎರಡೂ ಇಲ್ಲದ ಜಾತ್ರೆ. ಮಳೆಯೂ ಬಂತು, ಅದನ್ನು ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ. ಒಂದು ಕಡೆ ಕೇಕಿನ ತೂಕ ಊಹಿಸುವುದು. ಇನ್ನೊಂದು ಕಡೆ ಯಾರ ನಾಯಿ ಜಾಸ್ತಿ ಬಾಲ ಅಲ್ಲಾಡಿಸುತ್ತದೆ ಅನ್ನುವ ಸ್ಪರ್ಧೆ, ಅದಕ್ಕೂ ಒಬ್ಬರು ತೀರ್ಪುಗಾರರು. ಕಂಬದ ಮೇಲೆ ತೆಂಗಿನಕಾಯಿ ಇಟ್ಟು ಚೆಂಡು ಹೊಡೆದು ಬೀಳಿಸುವ ಆಟವಂತೂ ತಿಪಟೂರಿನ ನನ್ನ ಅಕ್ಕನಿಗೆ ಇಪ್ಪತ್ತು ವರ್ಷವಾದರೂ ಸರಿಹೋಗಿಲ್ಲ. "ಕಾಯಿ ತಗೊಂಡು ಕಲ್ಲಿಗೆ ಹೊಡೀಬೇಕು, ಇವರು ಕಲ್ಲು ತಗೊಂಡು ಕಾಯಿಗೆ ಹೊಡೀತಾರೆ" ಅಂತ ಗೊಣಗುತ್ತಲೇ ಮೂರು ಸಲ ದುಡ್ಡು ಕೊಟ್ಟು ಆಡಿದಳು. ಕಾಯಿ ಅಲುಗಲಿಲ್ಲ.

ಟಾಂಬೋಲಾ ಅನ್ನುವ ಚೀಟಿ ಎತ್ತುವ ಅಂಗಡಿಯಲ್ಲಿ ನನಗೆ ಒಂದು ಡಬ್ಬ ಸ್ನಾನದ ಉಪ್ಪು ಬಂತು. ಅಕ್ಕ ತಿರುಗಿಸಿ ನೋಡಿ, ಮೂಲೆ ಜಜ್ಜಿದ್ದ ಗುರುತಿನಿಂದ ಪತ್ತೆ ಮಾಡಿದಳು. ಮೂರು ವರ್ಷದ ಹಿಂದೆ ಅವಳೇ ದಾನ ಕೊಟ್ಟಿದ್ದು. ನಮ್ಮಲ್ಲಿ ಅರಿಶಿನ ಕುಂಕುಮದ ಜೊತೆ ಕೊಟ್ಟ ಬ್ಲೌಸ್ ಪೀಸು ಊರೆಲ್ಲ ಸುತ್ತಿ ಮನೆಗೆ ವಾಪಸ್ಸು ಬರುವುದಿಲ್ವಾ, ಹಾಗೆ. ಆ ಕ್ಷಣ ಆ ಊರು ನನಗೆ ಮೊದಲ ಸಲ ನಮ್ಮೂರು ಅನ್ನಿಸಿತು.

ಬೇಸಿಗೆ ಬಂದರೆ ಈ ದೇಶದ ಹಳ್ಳಿಗಳು ಎಲ್ಲದಕ್ಕೂ ಸ್ಪರ್ಧೆ ಇಡುತ್ತವೆ. ಚೆಷೈರ್‌ನ ವಿಲ್ಲಾಸ್ಟನ್‌ನಲ್ಲಿ 1980ರಿಂದ ಎರೆಹುಳು ಒಲಿಸುವ ವಿಶ್ವ ಚಾಂಪಿಯನ್‌ಶಿಪ್ ನಡೆದುಬಂದಿದೆ. ಮೂರು ಮೀಟರ್ ಉದ್ದಗಲದ ಜಾಗ, ಅರ್ಧ ಗಂಟೆ ಸಮಯ. ನೆಲಕ್ಕೆ ಕವಲುಗೋಲು ಚುಚ್ಚಿ ಅಲ್ಲಾಡಿಸಿ ಹುಳುಗಳನ್ನು ಮೇಲೆ ಬರಿಸಬೇಕು. 2009ರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು 567 ಹುಳು ಎಬ್ಬಿಸಿ ದಾಖಲೆ ಮಾಡಿದಳು. ನಿಯಮದಲ್ಲಿ ಮಾದಕವಸ್ತು ನಿಷೇಧ ಇದೆ. ನೀರು ಕೂಡ ಮಾದಕವಸ್ತು ಅಂತ ಅಲ್ಲೇ ಬರೆದಿದೆ. ಹಕ್ಕಿಗಳು ಗೂಡು ಸೇರಿದ ಮೇಲೆಯೇ ಹುಳುಗಳನ್ನು ಮಣ್ಣಿಗೆ ಬಿಡಬೇಕು ಅಂತಲೂ ಇದೆ. ಹುಳುವಿಗೆ ಇಷ್ಟು ರಕ್ಷಣೆ!

ಮನುಷ್ಯರ ವಿಷಯಕ್ಕೆ ಬನ್ನಿ. ಗ್ಲಾಸ್ಟರ್‌ಷೈರ್‌ನ ಕೂಪರ್ಸ್ ಹಿಲ್‌ನಲ್ಲಿ ಮೇ ಕೊನೆಗೆ ಗಟ್ಟಿ ಚೀಸಿನ ಚಕ್ರವೊಂದನ್ನು ಕಡಿದಾದ ಗುಡ್ಡದಿಂದ ಉರುಳಿಸಿ, ಅದರ ಹಿಂದೆ ಜನ ಉರುಳುತ್ತಾರೆ. ಮೊದಲು ಕೆಳಗೆ ತಲುಪಿದವರಿಗೆ ಆ ಚೀಸು. ಜನ ಜಾಸ್ತಿಯಾಗಿ ಅಪಾಯ ಅಂತ 2010ರಲ್ಲಿ ಅಧಿಕೃತ ಸ್ಪರ್ಧೆ ರದ್ದಾಯಿತು. ಅಲ್ಲಿಂದ ಜನರೇ ನಡೆಸುತ್ತಿದ್ದಾರೆ. 2023ರಲ್ಲಿ ಕೆನಡಾದ ಯುವತಿಯೊಬ್ಬಳು ಉರುಳುವಾಗ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿ, ಹಾಗೆಯೇ ಉರುಳಿ ಮೊದಲು ಬಂದಳು. ತಾನು ಗೆದ್ದದ್ದು ಅವಳಿಗೆ ಗೊತ್ತಾದದ್ದು ಚಿಕಿತ್ಸೆಯ ಡೇರೆಯಲ್ಲಿ. ಆ ಗುಡ್ಡದಲ್ಲಿ ಎಚ್ಚರ ತಪ್ಪಿದವರಿಗೆ ಬಹುಮಾನ ಉಂಟು. ಭಾವನ ಹಳ್ಳಿಯಲ್ಲಿ ಎರಡು ಗ್ರಾಂ ಎಚ್ಚರ ತಪ್ಪಿದ ಈರುಳ್ಳಿಗೆ ಕ್ಷಮೆ ಇಲ್ಲ.

ಊರಿಗೆ ಊರೇ ಸ್ಪರ್ಧೆಗಿಳಿಯುವುದೂ ಇದೆ. ಬ್ರಿಟನ್ ಇನ್ ಬ್ಲೂಮ್ ಅಂತ, ಊರನ್ನು ಹೂವಿನಿಂದ ಸಿಂಗರಿಸುವ ಸ್ಪರ್ಧೆ, 1960ರ ದಶಕದಲ್ಲಿ ಫ್ರಾನ್ಸನ್ನು ನೋಡಿ ಶುರು ಮಾಡಿದ್ದು. ಹೂವಿನಲ್ಲಿ ಇಂಗ್ಲಿಷರು ಫ್ರೆಂಚರನ್ನು ನಕಲು ಮಾಡಿದ್ದನ್ನು ಅಲ್ಲಿ ಯಾರೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ತೀರ್ಪುಗಾರರು ಬರುವ ದಿನ ಬಸ್‌ಸ್ಟಾಪಿಗೂ ಹೂಕುಂಡ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದೆ. ಈ ಊರಿಗೆ ಬಸ್ಸು ನಿಂತು ಬಹಳ ಕಾಲವಾಯಿತು ಅಂದಳು ಅಕ್ಕ.

ಕೊನೆಗೂ ಪ್ರದರ್ಶನದ ದಿನ. ಬೆಳಿಗ್ಗೆ ಏಳಕ್ಕೇ ಡೇರೆಯಲ್ಲಿ ಸಾಲು. ಭಾವ ಮೂರು ಈರುಳ್ಳಿಗಳನ್ನು ಹತ್ತಿ ಹಾಸಿದ ಡಬ್ಬದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದಿದ್ದರು. ಕಾರು ಓಡಿಸಿದ್ದು ಅಕ್ಕ, ಅದೂ ಎರಡನೇ ಗೇರಿನಲ್ಲಿ. ಅವಳ ಟೊಮೆಟೊಗಳನ್ನು ತಟ್ಟೆಯಲ್ಲಿ ಜೋಡಿಸುವ ಕೆಲಸ ನನಗೆ ಬಿತ್ತು. ಐದು ಇಡಬೇಕಿತ್ತು. ಇಟ್ಟೆ. ಕೈಯಲ್ಲಿ ಇನ್ನೊಂದು ಚೆಂದದ್ದು ಉಳಿಯಿತು. ಸಂತೆಯಲ್ಲಿ ಬೆಳೆದ ಕೈ ನೋಡಿ, ಸುಮ್ನೆ ಇರಲಿಲ್ಲ. ಕೊಸರು ಅಂತ ಅದನ್ನೂ ಮಧ್ಯಕ್ಕೆ ಇಟ್ಟುಬಿಟ್ಟೆ. ಕೊಸರು ಕಂಡರೆ ಸಿಟ್ಟಾಗುವವರು ಲೋಕದಲ್ಲಿ ಇದ್ದಾರೆ ಅಂತ ನನಗೇನು ಗೊತ್ತು?

ಎಲ್ಲರನ್ನೂ ಹೊರಗೆ ಕಳಿಸಿ ಡೇರೆ ಮುಚ್ಚಿದರು. ಪಕ್ಕದೂರಿನ ತೀರ್ಪುಗಾರರು ಒಳಗೆ. ಹೊರಗೆ ಮಳೆಯಲ್ಲಿ ಟೀ ಕುಡಿಯುತ್ತಾ ಊರವರೆಲ್ಲ ಹೆರಿಗೆ ವಾರ್ಡಿನ ಮುಂದೆ ನಿಂತ ಗಂಡಂದಿರ ಹಾಗೆ ಓಡಾಡಿದರು. ಮಧ್ಯಾಹ್ನ ಬಾಗಿಲು ತೆರೆಯಿತು. ಭಾವನ ಈರುಳ್ಳಿಗೆ ಎರಡನೇ ಬಹುಮಾನ. ಒಂದರ ತುರುಬು ಕೊಂಚ ಓರೆಯಾಗಿತ್ತಂತೆ. ಅಕ್ಕನ ಟೊಮೆಟೊ ತಟ್ಟೆಯ ಮೇಲೆ ಎನ್‌ಎಎಸ್ ಅಂತ ಬರೆದ ಚೀಟಿ. ಪುಸ್ತಿಕೆಯಲ್ಲಿ ಹೇಳಿದ ಹಾಗಿಲ್ಲ ಅಂತ ಅರ್ಥ. ಸ್ಪರ್ಧೆಯಿಂದಲೇ ಹೊರಗೆ. ಭಾವ ಆ ಚೀಟಿಯನ್ನು ನೋಡಿದರು, ಆರನೇ ಟೊಮೆಟೊ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಊರವರ ಮುಂದೆ ಕನ್ನಡದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು ಅಂದಳು ಅಕ್ಕ.

ಸಂಜೆ ತರಕಾರಿಗಳನ್ನೆಲ್ಲ ಹರಾಜು ಹಾಕಿದರು. ದುಡ್ಡು ಧರ್ಮಕಾರ್ಯಕ್ಕೆ. ಭಾವ ಈರುಳ್ಳಿಯ ಹರಾಜು ನೋಡಲಾರದೆ ಕಾರಿನಲ್ಲಿ ಹೋಗಿ ಕೂತರು. ಅಕ್ಕ ಕೈ ಎತ್ತಿ, ಎರಡು ಪೌಂಡಿಗೆ ಅವನ್ನು ಕೊಂಡುಕೊಂಡಳು.

ರಾತ್ರಿ ಹುಳಿ ಚೆನ್ನಾಗಿತ್ತು. ಭಾವ ಎರಡನೇ ಸಲ ಬಡಿಸಿಕೊಂಡು, "ಇವತ್ತು ಏನೋ ಬೇರೆ ರುಚಿ ಇದೆ" ಅಂದರು. ಅಕ್ಕ ನನ್ನ ಕಡೆ ನೋಡಿ ತಲೆ ಬಗ್ಗಿಸಿ ಅನ್ನ ಕಲಸಿದಳು.